ಏಳನೇ ಪ್ರಶ್ನೆ: ಜನರಿಗೆ ಮಳೆ ಹೇಗೆ ಅರ್ಥವಾಗುತ್ತೆ ಅಂತ ಓದಲು ಹೋದ ಕಥೆ

ನನ್ನ ಪಿಎಚ್‌ಡಿ ಪ್ರಶ್ನಾವಳಿಯಲ್ಲಿ ಒಟ್ಟು 22 ಪ್ರಶ್ನೆಗಳಿದ್ದವು. ಅದರಲ್ಲಿ ಏಳನೆಯದು ಹೆಚ್ಚುಕಡಿಮೆ ಎರಡು ವರ್ಷ ನನ್ನ ನಿದ್ದೆ ಕೆಡಿಸಿತು. ಪ್ರಶ್ನೆ ಇಷ್ಟೇ: “ನಾಳೆ ಮಳೆ ಬರುವ ಸಾಧ್ಯತೆ ಶೇ. 30 ಎಂದು ಮುನ್ಸೂಚನೆ ಹೇಳಿದರೆ ಅದರ ಅರ್ಥವೇನು?” ಕೆಳಗೆ ನಾಲ್ಕು ಉತ್ತರ, ಒಂದಕ್ಕೆ ಟಿಕ್ ಹಾಕಬೇಕು. ನಾಳೆ ದಿನದ ಶೇ. 30ರಷ್ಟು ಹೊತ್ತು ಮಳೆ. ಊರಿನ ಶೇ. 30 ಭಾಗದಲ್ಲಿ ಮಳೆ. ನಾಳೆಯಂಥ ಹತ್ತು ದಿನಗಳಲ್ಲಿ ಮೂರು ದಿನ ಮಳೆ. ಗೊತ್ತಿಲ್ಲ. ಮೂರನೆಯದು ಸರಿ ಉತ್ತರ ಅಂತ ನಾನು ಗುರುತು ಮಾಡಿ ಇಟ್ಟುಕೊಂಡಿದ್ದೆ. ಶಾಲೆ ಮೇಷ್ಟ್ರ ಹತ್ತಿರ ಇರುತ್ತಲ್ಲ ಉತ್ತರದ ಹಾಳೆ, ಹಾಗೆ.

ಈ ವಿಷಯಕ್ಕೆ ನಾನು ಬಂದಿದ್ದೇ ಸ್ವಲ್ಪ ಅಡ್ಡದಾರಿಯಲ್ಲಿ. ಭೂಗೋಳ ಓದಿದ್ದೇನೆ ಅಂದರೆ ಜನ ಯಾವುದೋ ದೇಶದ ರಾಜಧಾನಿ ಕೇಳುತ್ತಾರೆ, ಅದು ಬೇರೆ ಮಾತು. ನನಗೆ ಇಷ್ಟ ಇದ್ದದ್ದು ಮಳೆಯ ಅಂಕಿಗಳು. ಎಂಎಸ್ಸಿ ಪ್ರಾಜೆಕ್ಟಿಗೆ ಮಳೆ ಮಾಪಕದ ಹಳೆಯ ದಾಖಲೆ ತೆಗೆದುಕೊಂಡು, ಬಿಟ್ಟುಹೋದ ದಿನಗಳನ್ನು ಹುಡುಕಿ ತುಂಬುವ ಕೆಲಸ. ಜನರ ಹತ್ತಿರ ಮಾತಾಡುವ ಅಗತ್ಯವೇ ಇಲ್ಲದ ಕೆಲಸ ಅದು. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು.

ಅದರ ಮಧ್ಯೆ ಒಬ್ಬರು ನಿವೃತ್ತ ಹಿರಿಯರು ತಮ್ಮ ಹಳೆಯ ಗೋಡೆ ಕ್ಯಾಲೆಂಡರ್‌ಗಳನ್ನು ತಂದುಕೊಟ್ಟರು. ಮಳೆ ಬಂದ ದಿನದ ಚೌಕದಲ್ಲಿ ಪೆನ್ಸಿಲ್ಲಿನಿಂದ “ಮ”, ಜೋರು ಮಳೆ ಆದರೆ ಎರಡು “ಮ”. ಅಷ್ಟೂ ವರ್ಷ ತಪ್ಪದೆ ಬರೆದಿದ್ದರು. ನಾನು ಅದನ್ನು ಮಾಪಕದ ದಾಖಲೆಯ ಪಕ್ಕದಲ್ಲಿಟ್ಟು ನೋಡಿದರೆ ಎಷ್ಟೋ ಕಡೆ ಒಂದು ದಿನ ಹಿಂದೆಮುಂದೆ. ಅವರದು ಮಂಗಳವಾರ, ಮಾಪಕದ್ದು ಬುಧವಾರ. ಪಾಪ, ಮರೆತು ಮಾರನೆಯ ದಿನ ಅಂದಾಜಿಗೆ ಬರೆದಿರಬೇಕು ಅಂತ ನಾನೇ ತೀರ್ಮಾನ ಮಾಡಿ, ಕ್ಯಾಲೆಂಡರನ್ನು ನಂಬಲಾಗುವುದಿಲ್ಲ ಅಂತ ಒಂದು ಪ್ಯಾರಾ ಕೂಡ ಬರೆದೆ.

ನನ್ನ ಗೈಡ್ ಆ ಪ್ಯಾರಾ ಓದಿ ನಕ್ಕರು. “ಮಾಪಕದ ದಿನ ಎಷ್ಟು ಗಂಟೆಗೆ ಶುರುವಾಗುತ್ತೆ?” ಅಂದರು. ನನಗೆ ಗೊತ್ತಿದ್ದ ವಿಷಯವೇ, ಆದರೆ ತಲೆಗೆ ಹೊಳೆದಿರಲಿಲ್ಲ. ಮಳೆಯನ್ನು ಅಳೆಯುವುದು ಬೆಳಗ್ಗೆ ಒಂದು ನಿಗದಿತ ಹೊತ್ತಿಗೆ. ಭಾರತದಲ್ಲಿ ಅದು 8.30. ಹಿಂದಿನ ದಿನ 8.30ರಿಂದ ಇವತ್ತು 8.30ರವರೆಗೆ ಡಬ್ಬಿಗೆ ಬಿದ್ದದ್ದೆಲ್ಲ ಇವತ್ತಿನ ತಾರೀಖಿಗೆ ಹೋಗುತ್ತದೆ. ಮಂಗಳವಾರ ಸಂಜೆ ಸುರಿದ ಮಳೆ ದಾಖಲೆಯಲ್ಲಿ ಬುಧವಾರದ್ದು. ಹಿರಿಯರೂ ಸರಿ, ಮಾಪಕವೂ ಸರಿ. ತಪ್ಪಿದ್ದು ನಾನು ಮಾತ್ರ.

ಆ ಪ್ಯಾರಾ ಹೊಡೆದುಹಾಕಿದೆ. ಆದರೆ ತಲೆಯಿಂದ ಹೋಗಲಿಲ್ಲ. ಒಂದೇ ಮಳೆ, ಎರಡು ತಾರೀಖು. ಅಳೆಯುವವರ “ದಿನ” ಬೇರೆ, ನೆನೆದವರ “ದಿನ” ಬೇರೆ. ಮಳೆ ಹೇಗೆ ಬರುತ್ತೆ ಅನ್ನುವುದನ್ನು ಬಿಟ್ಟು, ಬಂದ ಮಳೆಯನ್ನೂ ಬರಲಿರುವ ಮಳೆಯನ್ನೂ ಜನ ಹೇಗೆ ತಿಳಿದುಕೊಳ್ಳುತ್ತಾರೆ ಅಂತ ಓದಿದರೆ ಹೇಗೆ ಅನ್ನಿಸಿದ್ದು ಅಲ್ಲಿಂದ.

ಪಿಎಚ್‌ಡಿ ಆಯ್ಕೆ ಸಮಿತಿಯಲ್ಲಿ ಮೊದಲ ಪ್ರಶ್ನೆಯೇ “ಇದು ಭೂಗೋಳವಾ, ಮನಃಶಾಸ್ತ್ರವಾ?” ನಾನು ತೊದಲಿದೆ. ಆಮೇಲೆ ಓದಿದಾಗ ಗೊತ್ತಾಯಿತು, ಈ ದಾರಿ ತೆರೆದವರಲ್ಲಿ ಭೂಗೋಳದವರೇ ಮುಂದಿದ್ದರು. ಗಿಲ್ಬರ್ಟ್ ವೈಟ್ ಅನ್ನುವ ಅಮೆರಿಕದ ಭೂಗೋಳಜ್ಞ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರವಾಹದ ಮೇಲೆ ಮಾಡಿದ ಸಂಶೋಧನೆ 1945ರಲ್ಲಿ ಅಚ್ಚಾಯಿತು. ನದಿ ಉಕ್ಕುವುದು ಪ್ರಕೃತಿಯ ಕೆಲಸ ಇರಬಹುದು, ನಷ್ಟ ಮಾತ್ರ ಬಹುಪಾಲು ಮನುಷ್ಯ ಎಲ್ಲಿ ಮನೆ ಕಟ್ಟಿದ ಅನ್ನುವುದರಿಂದ ಆಗುತ್ತೆ ಅನ್ನುವುದು ಅವರ ವಾದ. ಒಡ್ಡು ಕಟ್ಟಿದರೆ ಸಾಕು ಅಂದುಕೊಂಡಿದ್ದ ಕಾಲದಲ್ಲಿ, ಒಡ್ಡು ನಂಬಿ ಜನ ಇನ್ನೂ ಹತ್ತಿರ ಬಂದು ನೆಲೆಸುತ್ತಾರಲ್ಲ ಅಂದವರು. ಅವರ ಶಿಷ್ಯ ರಾಬರ್ಟ್ ಕೇಟ್ಸ್ 1962ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಪ್ರವಾಹ ಕಂಡವರು ಮುಂದಿನ ಪ್ರವಾಹವನ್ನೂ ಹೆಚ್ಚುಕಡಿಮೆ ಕಂಡಷ್ಟೇ ದೊಡ್ಡದಾಗಿ ಊಹಿಸುತ್ತಾರೆ, ಅದಕ್ಕಿಂತ ದೊಡ್ಡದನ್ನು ಅವರ ಮನಸ್ಸು ಒಪ್ಪುವುದಿಲ್ಲ ಅಂತ ತೋರಿಸಿದರು. 1966ರಲ್ಲಿ ಥಾಮಸ್ ಸಾರಿನೆನ್ ಬರಗಾಲದ ಬಗ್ಗೆ ರೈತರ ಅಂದಾಜು ಹೇಗಿರುತ್ತೆ ಅಂತ ನೋಡಿದರು. ಇಷ್ಟು ಓದಿಕೊಂಡು ಎರಡನೇ ಸಲ ಸಮಿತಿಯ ಮುಂದೆ ಕೂತಾಗ ಆ ಪ್ರಶ್ನೆ ಬಂದರೆ ಸಾಕು ಅಂತ ಕಾಯುತ್ತಿದ್ದೆ. ಯಾರೂ ಕೇಳಲಿಲ್ಲ. ಬಜೆಟ್ ಬಗ್ಗೆ ಕೇಳಿದರು.

ಏಳನೇ ಪ್ರಶ್ನೆ ನನ್ನ ಸ್ವಂತದ್ದಲ್ಲ. 2005ರಲ್ಲಿ ಜರ್ಮನಿಯ ಮನಃಶಾಸ್ತ್ರಜ್ಞ ಗೆರ್ಡ್ ಗಿಗೆರೆನ್ಸರ್ ಮತ್ತು ಅವರ ಜೊತೆಗಾರರು ಆಮ್‌ಸ್ಟರ್‌ಡ್ಯಾಮ್, ಅಥೆನ್ಸ್, ಬರ್ಲಿನ್, ಮಿಲಾನ್, ನ್ಯೂಯಾರ್ಕ್ ಈ ಐದು ಊರುಗಳಲ್ಲಿ ಇದನ್ನೇ ಕೇಳಿದ್ದರು. ನ್ಯೂಯಾರ್ಕಿನಲ್ಲಿ ಮಾತ್ರ ಹೆಚ್ಚಿನವರು ಹವಾಮಾನ ತಜ್ಞರು ಹೇಳುವ ಅರ್ಥವನ್ನೇ ಆರಿಸಿದರು. ಉಳಿದ ನಾಲ್ಕು ಊರುಗಳಲ್ಲಿ “ಅಷ್ಟು ಹೊತ್ತು ಮಳೆ” ಅನ್ನುವುದಕ್ಕೆ ಮೊದಲ ಸ್ಥಾನ, “ಅಷ್ಟು ಜಾಗದಲ್ಲಿ ಮಳೆ” ಅನ್ನುವುದಕ್ಕೆ ಎರಡನೆಯದು. ಅಮೆರಿಕದಲ್ಲಿ 1960ರ ದಶಕದಿಂದಲೇ ಜನರಿಗೆ ಮಳೆಯ ಸಾಧ್ಯತೆಯನ್ನು ಅಂಕಿಯಲ್ಲಿ ಕೊಡುತ್ತಾ ಬಂದಿದ್ದಾರೆ, ಅಭ್ಯಾಸ ಆಗಿತ್ತು. ನನಗೆ ಇದು ಬಹಳ ಹಿಡಿಸಿತು. ನಾನೂ ಕೇಳುತ್ತೇನೆ, ಎಷ್ಟು ಜನ ತಪ್ಪು ಮಾಡುತ್ತಾರೆ ಅಂತ ಎಣಿಸುತ್ತೇನೆ, ಒಂದು ಟೇಬಲ್, ಒಂದು ಅಧ್ಯಾಯ. ಆಯಿತಲ್ಲ.

ಎಥಿಕ್ಸ್ ಕಮಿಟಿಯ ಒಪ್ಪಿಗೆಗೆ ಮೂರು ತಿಂಗಳು ಹಿಡಿಯಿತು. ಮಳೆ ಬಗ್ಗೆ ಕೇಳುವುದರಿಂದ ಯಾರಿಗಾದರೂ ಮಾನಸಿಕ ತೊಂದರೆ ಆಗಬಹುದೇ ಅಂತ ಫಾರ್ಮಿನಲ್ಲಿ ಒಂದು ಕಾಲಂ ಇತ್ತು. “ಇಲ್ಲ” ಅಂತ ಬರೆದೆ. ಆಮೇಲೆ ಪ್ರವಾಹದಲ್ಲಿ ಮನೆ ಕಳೆದುಕೊಂಡವರನ್ನು ಮಾತಾಡಿಸುವಾಗ ಒಬ್ಬರು ಅರ್ಧಕ್ಕೆ ಎದ್ದುಹೋದರು. ಆ ಕಾಲಂ ಸುಮ್ನೆ ಇಟ್ಟಿದ್ದಲ್ಲ ಅಂತ ಆಗ ಗೊತ್ತಾಯಿತು.

ಮೊದಲ ವಾರದ ಪ್ರಾಯೋಗಿಕ ಸುತ್ತಿನಲ್ಲಿ ಒಬ್ಬರು ಅಜ್ಜಿ ಸಿಕ್ಕಿದರು. ನಾಲ್ಕಾರು ಮನೆಗಳ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಕೊಡುವುದು ಅವರ ಕೆಲಸ. ನಾನು ಹೋದಾಗ ತಂತಿಯ ಮೇಲೆ ಬೆಡ್‌ಶೀಟುಗಳು. ಆರು ಪ್ರಶ್ನೆಗೆ ಚೆನ್ನಾಗಿ ಉತ್ತರ ಹೇಳಿದರು. ಏಳನೆಯದನ್ನು ಓದಿದೆ.

“ಎಷ್ಟೊತ್ತಿಗೆ?” ಅಂದರು.

“ಹೊತ್ತು ಹೇಳಲ್ಲ ಅಜ್ಜಿ. ನಾಳೆ ಅಂತ ಅಷ್ಟೇ.”

“ಬೆಳಗ್ಗೆ ಹನ್ನೊಂದಕ್ಕಾ, ರಾತ್ರಿ ಹನ್ನೊಂದಕ್ಕಾ? ರಾತ್ರಿ ಬಂದರೆ ನನಗೇನಾಗಬೇಕು, ಬಟ್ಟೆ ಒಳಗಿರುತ್ತೆ.”

“ಅದರಲ್ಲಿ ಅಷ್ಟೇ ಇರೋದು.”

“ಅವರು ಹೇಳದೇ ಇರೋದನ್ನ ನನ್ನ ಕೇಳ್ತೀಯಲ್ಲಮ್ಮ. ಪರೀಕ್ಷೆನಾ ಇದು?”

ಅಂದುಬಿಟ್ಟು ಎದ್ದರು. ಬೆಡ್‌ಶೀಟಿನ ಹೊಲಿದ ಅಂಚನ್ನು ಎರಡು ಬೆರಳಲ್ಲಿ ಹಿಸುಕಿ, ಆಮೇಲೆ ಅದನ್ನೇ ಕೆನ್ನೆಗೆ ಒತ್ತಿಕೊಂಡು ನೋಡಿದರು. ಬಟ್ಟೆಯ ಮಧ್ಯಭಾಗ ಮೊದಲು ಒಣಗುತ್ತೆ, ಅಂಚಿನ ಮಡಿಕೆ ಕೊನೆಗೆ, ಬೆರಳಿಗೆ ಒಣಗಿದೆ ಅನ್ನಿಸಿದರೂ ಕೆನ್ನೆಗೆ ತಣ್ಣಗೆ ತಾಗಿದರೆ ಇನ್ನೂ ಒದ್ದೆ ಇದೆ ಅಂತ ಲೆಕ್ಕ. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಅಂಚು ಸಂಜೆಯಾದರೂ ಬಿಟ್ಟುಕೊಡುವುದಿಲ್ಲವಂತೆ. ಸಾಪೇಕ್ಷ ಆರ್ದ್ರತೆ ಅಂತ ನಾನು ನಾಲ್ಕು ವರ್ಷ ಓದಿದ್ದನ್ನು ಈಕೆ ದಿನಾ ಕೆನ್ನೆಯಲ್ಲಿ ಅಳೆಯುತ್ತಿದ್ದರು.

ಇನ್ನೊಂದು ಮಾತು ಹೇಳಿದರು, ನಾನು ಕೇಳದೆಯೇ. ತೆಳು ಬಟ್ಟೆ ಆದರೆ ಮೋಡ ಇದ್ದರೂ ಹಾಕುತ್ತಾರೆ, ಹನಿ ಬಿದ್ದರೆ ಎಳೆದುಕೊಂಡು ಓಡಿದರಾಯಿತು. ದಪ್ಪ ಬೆಡ್‌ಶೀಟ್ ಆದರೆ ಸ್ವಲ್ಪ ಅನುಮಾನ ಬಂದರೂ ಹಾಕುವುದಿಲ್ಲ, ಒಮ್ಮೆ ನೆನೆದರೆ ಇನ್ನೆರಡು ದಿನ ಹೋಯಿತು. ಹವಾಮಾನ ಶಾಸ್ತ್ರದಲ್ಲಿ ಇದಕ್ಕೆ ಖರ್ಚು-ನಷ್ಟದ ಲೆಕ್ಕ ಅಂತಲೇ ಇದೆ: ಮುಂಜಾಗ್ರತೆಯ ಖರ್ಚನ್ನು ಆಗಬಹುದಾದ ನಷ್ಟದಿಂದ ಭಾಗಿಸು, ಮಳೆಯ ಸಾಧ್ಯತೆ ಆ ಅಂಕಿಗಿಂತ ಜಾಸ್ತಿ ಇದ್ದರೆ ಮುಂಜಾಗ್ರತೆ ತಗೋ. ನಷ್ಟ ದೊಡ್ಡದಾದಷ್ಟೂ ಸಣ್ಣ ಸಾಧ್ಯತೆಗೂ ಹೆದರಬೇಕು. ಬೆಡ್‌ಶೀಟಿಗೆ ಹತ್ತು ಪರ್ಸೆಂಟೇ ಸಾಕು, ಕರ್ಚೀಫಿಗೆ ಅರವತ್ತಾದರೂ ಪರವಾಗಿಲ್ಲ. ಮನೆಗೆ ಬಂದು ನನ್ನ ಹಾಳೆ ನೋಡಿದೆ. ಏಳನೇ ಪ್ರಶ್ನೆಯ ಎದುರು ಈ ಅಜ್ಜಿಯದು “ಗೊತ್ತಿಲ್ಲ” ಅಂತ ದಾಖಲಾಗಿತ್ತು.

ಆ ರಾತ್ರಿ ಪ್ರಶ್ನಾವಳಿ ಹರಿದುಹಾಕಿದೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ಅಚ್ಚು ಹಾಕಿಸಿದ ದುಡ್ಡು ದಂಡ ಆಗುತ್ತೆ ಅಂತ ಇನ್ನೂ ಎರಡು ತಿಂಗಳು ಅದನ್ನೇ ಹಂಚಿದೆ. ನಿಲ್ಲಿಸಿದ್ದು 1980ರ ಒಂದು ಹಳೆಯ ಲೇಖನ ಸಿಕ್ಕಮೇಲೆ. ಅಲನ್ ಮರ್ಫಿ ಅನ್ನುವ ಹವಾಮಾನ ವಿಜ್ಞಾನಿ ಮತ್ತು ಜೊತೆಗಾರರು ಬರೆದದ್ದು. ಜನರಿಗೆ ಗೊಂದಲ ಇರುವುದು ಪರ್ಸೆಂಟ್ ಅನ್ನುವ ಅಂಕಿಯ ಬಗ್ಗೆ ಅಲ್ಲ, ಆ ಅಂಕಿ ಯಾವ ಘಟನೆಗೆ ಸೇರಿದ್ದು ಅನ್ನುವುದರ ಬಗ್ಗೆ, ಅಂತ ಅವರು ಆಗಲೇ ಹೇಳಿದ್ದರು. ಎಲ್ಲಿ, ಎಷ್ಟು ಹೊತ್ತಿನೊಳಗೆ, ಎಷ್ಟು ಬಿದ್ದರೆ ಅದನ್ನು ಮಳೆ ಅನ್ನುತ್ತೀರಿ? ಅಮೆರಿಕದ ಹವಾಮಾನ ಸೇವೆಯ ಲೆಕ್ಕದಲ್ಲಿ, ಆ ಪ್ರದೇಶದ ಯಾವುದೇ ಒಂದು ಜಾಗದಲ್ಲಿ, ಹೇಳಿದ ಅವಧಿಯೊಳಗೆ, ಕನಿಷ್ಠ 0.01 ಇಂಚು, ಅಂದರೆ ಸುಮಾರು ಕಾಲು ಮಿಲಿಮೀಟರ್ ಬೀಳುವ ಸಾಧ್ಯತೆ. ಕಾಲು ಮಿಲಿಮೀಟರ್ ಅಂದರೆ ನೆಲ ಒದ್ದೆಯಾದರೆ ಹೆಚ್ಚು. ಇಷ್ಟೂ ವಿವರ ಇಲ್ಲದ “ಶೇ. 30”ಕ್ಕೆ ಅರ್ಥ ಹೇಳು ಅಂತ ನಾನು ಜನರನ್ನು ಕೇಳುತ್ತಿದ್ದೆ. ಅಜ್ಜಿ ಒಂದೇ ಮಾತಲ್ಲಿ ಕೇಳಿದ್ದೂ ಅದನ್ನೇ ಅಲ್ವಾ? ಎಷ್ಟೊತ್ತಿಗೆ?

ಟಿಕ್ ಹಾಕುವ ಹಾಳೆ ಬಿಟ್ಟು ಮಾತಿಗೆ ಕೂರಿಸಿದೆ. ಹೊಸ ಮೊದಲ ಪ್ರಶ್ನೆ: “ಹೋದ ಸಲ ಮಳೆ ನಿಮ್ಮ ಕೆಲಸ ಕೆಡಿಸಿದ್ದು ಯಾವಾಗ?” ಅಲ್ಲಿಂದ ಆಚೆ ನಾನು ಬಾಯಿ ಮುಚ್ಚಿಕೊಂಡಿರಬೇಕು. ಇದು ಕಷ್ಟದ ಕೆಲಸ. ಮೊದಮೊದಲ ರೆಕಾರ್ಡಿಂಗ್ ಕೇಳಿದರೆ ಅರ್ಧ ನಾನೇ ಮಾತಾಡಿದ್ದೇನೆ, ಜನ ಹೇಳುವ ಮೊದಲೇ “ಅಂದರೆ ನೀವು ಹೇಳೋದು…” ಅಂತ ಶುರು. ನನ್ನದೇ ದನಿ ಕೇಳಿ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತು. ಒಂದು ಗಂಟೆ ಮಾತನ್ನು ಬರಹಕ್ಕೆ ಇಳಿಸಲು ಐದಾರು ಗಂಟೆ ಬೇಕು. ಅದಾದಮೇಲೆ ಕೋಡಿಂಗ್. ಕಂಪ್ಯೂಟರ್ ಕೋಡಿಂಗ್ ಅಲ್ಲ, ಮಾತಿನ ತುಂಡುಗಳಿಗೆ ಚೀಟಿ ಅಂಟಿಸುವುದು. “ಆಕಾಶ ನೋಡಿದ್ದು”, “ಪಕ್ಕದವರನ್ನು ಕೇಳಿದ್ದು”, “ಆ್ಯಪ್ ನಂಬಿ ಕೆಟ್ಟದ್ದು”. ಈ ಕೊನೆಯ ಚೀಟಿ ಬೇಗ ದಪ್ಪಗಾಯಿತು.

ಭಾಷೆಯೇ ಒಂದು ತೊಡಕು. ಅಂಕಿಯ ಜೊತೆ “ಸಾಧ್ಯತೆ” ಅನ್ನುವ ಪದ ಮಾತಲ್ಲಿ ಬಿದ್ದುಹೋಗುತ್ತೆ. “ನಾಳೆ ಎಂಬತ್ತು ಪರ್ಸೆಂಟ್ ಮಳೆಯಂತೆ.” ಹಾಗಂದಾಗ ಅದು ಮಳೆಯ ಪ್ರಮಾಣದ ಹಾಗೆ ಕೇಳಿಸುತ್ತೆ. ಎಂಬತ್ತು ಅಂದರೆ ಜೋರು, ಇಪ್ಪತ್ತು ಅಂದರೆ ಜಿಟಿಜಿಟಿ. ಎಷ್ಟೋ ಜನ ನನಗೆ ಹಾಗೇ ವಿವರಿಸಿದರು. ಇಪ್ಪತ್ತು ಅಂದಿದ್ದ ದಿನ ಧೋ ಅಂತ ಸುರಿದರೆ ಮುನ್ಸೂಚನೆ ಸುಳ್ಳಾಯಿತು ಅನ್ನುತ್ತಾರೆ, ಹಾಗೆ ಅರ್ಥ ಮಾಡಿಕೊಂಡವರಿಗೆ ಅದು ಸುಳ್ಳೇ. “ಹವಾಮಾನ” ಪದದ್ದು ಇನ್ನೊಂದು ರಗಳೆ. ನಾಳೆಯ ಮಳೆಯೂ ಹವಾಮಾನವೇ, ಮೂವತ್ತು ವರ್ಷದ ಸರಾಸರಿಯೂ ಹವಾಮಾನವೇ. ಪಠ್ಯಪುಸ್ತಕದಲ್ಲಿ ಎರಡನೆಯದಕ್ಕೆ ವಾಯುಗುಣ ಅಂತ ಬೇರೆ ಪದ ಇದೆ, ಪರೀಕ್ಷೆ ಮುಗಿದಮೇಲೆ ಅದನ್ನು ಯಾರೂ ಬಳಸುವುದಿಲ್ಲ. ಹವಾಮಾನ ಬದಲಾಗಿದೆಯಾ ಅಂತ ಕೇಳಿದರೆ ಒಬ್ಬರು ಕಿಟಕಿ ಕಡೆ ತಿರುಗಿ, “ಬೆಳಗ್ಗೆ ಮೋಡ ಇತ್ತು, ಈಗ ಬಿಸಿಲು, ಬದಲಾಗಿದೆ” ಅಂದರು. ತಮಾಷೆಗೆ ಹೇಳಿದ್ದಲ್ಲ.

“ಅಲ್ಲಲ್ಲಿ ಮಳೆ” ಅನ್ನುವುದನ್ನು ಕೇಳಿ ಎಲ್ಲರೂ ನಕ್ಕರು, ತಪ್ಪಿಸಿಕೊಳ್ಳಲು ಹೇಳುವ ಮಾತು ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಭಾರತೀಯ ಹವಾಮಾನ ಇಲಾಖೆಯಲ್ಲಿ ಇಂಥ ಪದಗಳಿಗೆ ಅಳತೆ ಇದೆ: ಮಳೆ ಅಳೆಯುವ ಕೇಂದ್ರಗಳ ಪೈಕಿ ಶೇ. 25ರವರೆಗಿನ ಕೇಂದ್ರಗಳಲ್ಲಿ ಮಳೆಯಾದರೆ ಒಂದು ಪದ, 26ರಿಂದ 50 ಆದರೆ ಇನ್ನೊಂದು, 75 ದಾಟಿದರೆ ಮತ್ತೊಂದು. ಹೇಳುವವರ ಹತ್ತಿರ ಕೋಷ್ಟಕ ಇದೆ, ಕೇಳುವವರ ಹತ್ತಿರ ಇಲ್ಲ.

ಚಿತ್ರ ಹಾಕಿದರೆ ಸರಿಹೋಗುತ್ತೆ ಅಂತ ಒಂದಷ್ಟು ದಿನ ನಂಬಿದ್ದೆ. ಚಂಡಮಾರುತದ ದಾರಿ ತೋರಿಸುವ ಶಂಕುವಿನ ಆಕಾರದ ನಕ್ಷೆ ನೋಡಿರುತ್ತೀರಿ, ಮುಂದಕ್ಕೆ ಹೋದಂತೆ ಅಗಲವಾಗುತ್ತೆ. ಅದು ಚಂಡಮಾರುತದ ಗಾತ್ರ ಅಲ್ಲ, ಅದರ ಕೇಂದ್ರ ಎಲ್ಲಿರಬಹುದು ಅನ್ನುವ ಅನುಮಾನದ ಅಗಲ, ಅದೂ ಮೂರರಲ್ಲಿ ಎರಡು ಸಲ ಕೇಂದ್ರ ಅದರೊಳಗಿರುತ್ತೆ ಅನ್ನುವ ಲೆಕ್ಕ. 2004ರ ಆಗಸ್ಟ್ 13ರಂದು ಚಾರ್ಲಿ ಚಂಡಮಾರುತ ಫ್ಲೋರಿಡಾಕ್ಕೆ ಅಪ್ಪಳಿಸಿದಾಗ ಮಧ್ಯದ ಕಪ್ಪು ಗೆರೆ ಟ್ಯಾಂಪಾ ಕಡೆಗಿತ್ತು. ಬಿರುಗಾಳಿ ಅದಕ್ಕಿಂತ ದಕ್ಷಿಣಕ್ಕೆ ಷಾರ್ಲಟ್ ಹಾರ್ಬರ್ ಬಳಿ ತಿರುಗಿತು. ಆ ಜಾಗ ಶಂಕುವಿನೊಳಗೇ ಇತ್ತು, ಆದರೆ ಬಹಳ ಜನ ನೋಡಿದ್ದು ಗೆರೆಯನ್ನು. ನಾನು ಆ ನಕ್ಷೆಯನ್ನು ನನ್ನ ಮಾತುಗಾರರಿಗೆ ತೋರಿಸಿದೆ. “ಬರ್ತಾ ಬರ್ತಾ ದೊಡ್ಡದಾಗುತ್ತೆ ಅಂತ ತಾನೇ?” ಅಂದರು. ಅಂಕಿಯಲ್ಲೂ ಚಿತ್ರದಲ್ಲೂ ಒಂದೇ ಕಥೆ, ಯಾವುದರ ಅಗಲ ಅಂತ ಹೇಳದಿದ್ದರೆ ಜನ ತಮಗೆ ಸಹಜ ಅನ್ನಿಸಿದ್ದನ್ನು ತುಂಬಿಕೊಳ್ಳುತ್ತಾರೆ.

ಎಚ್ಚರಿಕೆ ಕೇಳಿದಮೇಲೂ ಜನ ಯಾಕೆ ಓಡುವುದಿಲ್ಲ ಅನ್ನುವುದರ ಬಗ್ಗೆ ನನಗೆ ಮೊದಲು ಸ್ವಲ್ಪ ಸಿಟ್ಟೇ ಇತ್ತು. 2011ರ ಮೇ 22ರಂದು ಅಮೆರಿಕದ ಜಾಪ್ಲಿನ್‌ನಲ್ಲಿ ಸುಂಟರಗಾಳಿಗೆ 150ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಅಲ್ಲಿನ ಹವಾಮಾನ ಸೇವೆಯವರು ವಿಚಾರಿಸಿ ನೋಡಿದರೆ, ಹೆಚ್ಚಿನವರು ಮೊದಲ ಸೈರನ್ ಕೇಳಿ ಓಡಿರಲಿಲ್ಲ. ಇನ್ನೊಂದು ಕಡೆಯಿಂದ ಖಾತ್ರಿ ಮಾಡಿಕೊಳ್ಳಲು ನೋಡಿದ್ದರು: ಟಿವಿ, ಆಕಾಶ, ಅಕ್ಕಪಕ್ಕದವರು. ಎಂಥ ಜನ ಅಂದುಕೊಳ್ಳುತ್ತಾ ಇದನ್ನು ಓದುತ್ತಿದ್ದ ದಿನವೇ ನನ್ನ ಫೋನಿಗೆ ಸಿಡಿಲಿನ ಎಚ್ಚರಿಕೆ ಬಂತು. ಕಿಟಕಿಯಿಂದ ದೂರ ಇರಿ ಅಂತ ಅದರಲ್ಲಿ ಬರೆದಿತ್ತು. ನಾನು ಮಾಡಿದ ಮೊದಲ ಕೆಲಸ, ಎದ್ದು ಕಿಟಕಿ ಹತ್ತಿರ ಹೋಗಿ ಆಕಾಶ ನೋಡಿದ್ದು.

ಥೀಸಿಸ್ ಬರೆಯುವುದರ ಬಗ್ಗೆ ಹೇಳುವಂಥದ್ದೇನಿಲ್ಲ, ಬೆನ್ನು ನೋವು ಬಂತು. “ಜನರ ತಪ್ಪು ತಿಳಿವಳಿಕೆ” ಅಂತ ಇದ್ದ ಅಧ್ಯಾಯದ ಹೆಸರನ್ನು “ಯಾವ ಮಳೆ, ಯಾರ ದಿನ” ಅಂತ ಬದಲಿಸಿದೆ. ಗೈಡ್‌ಗೆ ಹೆಸರು ಇಷ್ಟವಾಗಲಿಲ್ಲ, ಆದರೂ ಬಿಟ್ಟರು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಬಹಳ ಸೌಮ್ಯದವರು. ಹೊಗಳಿದರು. ಅರ್ಧ ಗಂಟೆ ಆದಮೇಲೆ ಕೇಳಿದರು: “ನಿಮ್ಮ ಫೋನಿನಲ್ಲಿ ಮಧ್ಯಾಹ್ನ ಹನ್ನೆರಡರಿಂದ ಸಂಜೆ ಆರರವರೆಗೆ ಪ್ರತಿ ಗಂಟೆಗೂ ಶೇ. 30 ಅಂತ ತೋರಿಸ್ತಿದೆ ಅಂದುಕೊಳ್ಳಿ. ಹಾಗಾದರೆ ಆ ಮಧ್ಯಾಹ್ನ ಮಳೆ ಬರುವ ಸಾಧ್ಯತೆ ಎಷ್ಟು?”

“ಮೂವತ್ತು” ಅಂದೆ. ಯೋಚನೆಯನ್ನೇ ಮಾಡದೆ.

ಅವರು ಏನೂ ಅನ್ನಲಿಲ್ಲ, ಹಾಳೆಯೊಂದನ್ನು ನನ್ನ ಕಡೆ ತಳ್ಳಿದರು. ಬರೆಯುತ್ತಾ ಹೋದಂತೆ ಕಿವಿ ಬಿಸಿಯಾಯಿತು. ಒಂದೊಂದು ಗಂಟೆಯ ಮಳೆಗೂ ಇನ್ನೊಂದರದ್ದಕ್ಕೂ ಸಂಬಂಧವೇ ಇಲ್ಲ ಅಂದುಕೊಂಡರೆ, ಆರು ಗಂಟೆಯೂ ಒಣಗಿರುವ ಸಾಧ್ಯತೆ 0.7ನ್ನು ಆರು ಸಲ ಗುಣಿಸಿದಷ್ಟು, ಸುಮಾರು ಶೇ. 12. ಅಂದರೆ ಮಳೆಯ ಸಾಧ್ಯತೆ ಶೇ. 88. ಬಂದರೆ ಆರೂ ಗಂಟೆ ಬರುತ್ತೆ, ಇಲ್ಲದಿದ್ದರೆ ಇಲ್ಲವೇ ಇಲ್ಲ ಅನ್ನುವಂಥ ಮೋಡ ಆದರೆ 30. ನಿಜವಾದ ಮಧ್ಯಾಹ್ನ ಇವೆರಡರ ಮಧ್ಯೆ ಎಲ್ಲೋ ಇರುತ್ತೆ, ಎಲ್ಲಿ ಅಂತ ಆ ಆರು ಅಂಕಿ ನೋಡಿ ಹೇಳಲಾಗುವುದಿಲ್ಲ.

“ಅವಧಿ” ಅಂದರು ಅವರು, ಕನ್ನಡಕ ಒರೆಸಿಕೊಳ್ಳುತ್ತಾ.

ಪಾಸು ಮಾಡಿದರು. ತಿದ್ದಬೇಕಾದ ಹನ್ನೊಂದು ಅಂಶಗಳ ಪಟ್ಟಿ ಕೊಟ್ಟರು, ಹತ್ತು ಬರೀ ಕಾಗುಣಿತ ಮತ್ತು ಕೋಷ್ಟಕದ್ದು. ಇನ್ನೊಂದು, ಅನುಬಂಧದಲ್ಲಿ ಹಾಕಿದ್ದ ಹಳೆಯ ಪ್ರಶ್ನಾವಳಿಯ ಬಗ್ಗೆ: “ಪ್ರಶ್ನೆ 7ರಲ್ಲಿ ‘ನಾಳೆ’ ಎಂದರೆ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಎಂದು ನಮೂದಿಸಿ.” ನಮೂದಿಸುವುದೇನು, ಆ ಪ್ರಶ್ನೆ ಕೇಳಿದಾಗ ನಾನು ಅದನ್ನು ತೀರ್ಮಾನ ಮಾಡಿಯೇ ಇರಲಿಲ್ಲವಲ್ಲ. ಎರಡು ದಿನ ಒದ್ದಾಡಿ, ಕೊನೆಗೆ ಅಡಿಯಲ್ಲಿ ಒಂದು ಸಾಲು ಹಾಕಿದೆ, ಈ ಪ್ರಶ್ನೆಯಲ್ಲಿ ಅವಧಿಯನ್ನು ಹೇಳಿರಲಿಲ್ಲ, ಅದನ್ನು ಮೊದಲು ಗಮನಿಸಿದ್ದು ಪ್ರಾಯೋಗಿಕ ಸುತ್ತಿನಲ್ಲಿ “ಗೊತ್ತಿಲ್ಲ” ಎಂದು ದಾಖಲಾದ ಒಬ್ಬರು.